ತಳ್ಳಲು ಹೆದರಿದ ಕೈ

ವೆಸ್ಟ್ ಮಾಂಬಲಂನ ನಮ್ಮ ಫ್ಲಾಟಿನ ಕೆಳಗೆ ಒಂದು ಕೈಪಂಪಿತ್ತು. ಬೇಸಿಗೆಯಲ್ಲಿ ಅದು ಸುಲಭಕ್ಕೆ ನೀರು ಕೊಡುತ್ತಿರಲಿಲ್ಲ. ನಾನೇನು ಬಿಡುವವಳೇ? ಹಟ ಹಿಡಿದು ಒತ್ತುತ್ತಿದ್ದಾಗಲೇ ನನಗೆ ಸ್ಟ್ರೋಕ್ ಆಯಿತು. ಪಕ್ಕದ ಮನೆಯಾಕೆಯನ್ನು ಕೂಗೋಣವೆಂದರೆ ನಾಲಿಗೆ ಹೊರಳಲಿಲ್ಲ, ಬಲಗೈ ಜೋತುಬಿತ್ತು. ಮಾತು ಮೆಲ್ಲಗೆ ಮರಳಿತು, ಕೈ ಮರಳಲಿಲ್ಲ.

ಶಕ್ತಿ ಮೀರಿ ಒತ್ತಿದ್ದಕ್ಕೇ ಹೀಗಾಯಿತೆಂದು ನಾನೂ ನನ್ನ ಯಜಮಾನರೂ ತೀರ್ಮಾನಿಸಿಬಿಟ್ಟೆವು. ಡಾಕ್ಟರು ಹಾಗಲ್ಲ, ಬಿಪಿ ಮಾತ್ರೆ ಬಿಟ್ಟಿದ್ದೇ ಕಾರಣ ಎಂದರು. ಹೇಳಿದರೆ ಆಯಿತೇ? ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಹೆದರಿಕೆ. ಯಜಮಾನರು ನನಗೆ ಲೋಟ ಎತ್ತಲೂ ಬಿಡುತ್ತಿರಲಿಲ್ಲ.

ಎಗ್ಮೋರ್ ಕಡೆಯ ಆಸ್ಪತ್ರೆಯೊಂದಕ್ಕೆ ಆಗ ಹೊಸದಾಗಿ ರೋಬೋಟ್ ಬಂದಿತ್ತು. ರೋಬೋಟ್ ಎಂದರೆ ಮನುಷ್ಯನ ಆಕಾರವೇನಲ್ಲ, ಮೇಜಿಗೆ ಬಿಗಿದ ಕಬ್ಬಿಣದ ತೋಳು. ನನ್ನ ಕೈಯನ್ನು ಅದಕ್ಕೆ ಪಟ್ಟಿಯಿಂದ ಕಟ್ಟುತ್ತಿದ್ದರು. ಪರದೆಯ ಮೇಲೆ ಚುಕ್ಕಿ ಎಲ್ಲಿ ಹೊಳೆಯುತ್ತದೋ ಅಲ್ಲಿಗೆ ನಾನು ಕೈಯನ್ನು ತಳ್ಳಬೇಕು, ಸಾಲದಿದ್ದರೆ ಯಂತ್ರ ನೆರವಾಗುತ್ತದೆ. ನಾನು ತಳ್ಳಲೇ ಇಲ್ಲ. ತಳ್ಳಿದರೆ ಇನ್ನೊಂದು ಸ್ಟ್ರೋಕ್ ಆಗಿಬಿಟ್ಟರೆ? ಕೈಯನ್ನು ಅದಕ್ಕೊಪ್ಪಿಸಿ ಸುಮ್ಮನೆ ಕೂತೆ. ಕೈ ಸಲೀಸಾಗಿ ಓಡಾಡುತ್ತಿತ್ತು. ಯಜಮಾನರು, ಕೈ ಬಂದೇಬಿಟ್ಟಿತು ಎನ್ನುತ್ತ ಕ್ಯಾಂಟೀನಿನಿಂದ ಕಾಫಿ ತರುತ್ತಿದ್ದರು.

ಒಂದು ದಿನ ಥೆರಪಿ ಮಾಡಿಸುವ ಹುಡುಗಿ ಯಂತ್ರದ ನೆರವನ್ನು ತಗ್ಗಿಸಿದಳು. ಕೈ ಇದ್ದಲ್ಲೇ ನಿಂತಿತು. ಇಷ್ಟು ದಿನ ಕೆಲಸ ಮಾಡಿದ್ದು ಯಂತ್ರ, ನೀವಲ್ಲ, ಹೀಗೇ ಕೂತರೆ ಕೈ ಬರುವುದಿಲ್ಲ ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿದಳು. ಬಿಪಿ ನೋಡಿದಳು, ಸರಿಯಾಗಿತ್ತು. "ತಳ್ಳುಂಗಮ್ಮಾ" ಎಂದಳು.

ತಳ್ಳಿದರೆ ತಲೆ ಸಿಡಿಯುತ್ತದೆ, ತಳ್ಳದಿದ್ದರೆ ಈ ಕೈ ಜನ್ಮವಿಡೀ ಹೀಗೇ ಜೋತಾಡುತ್ತದೆ. ಯಜಮಾನರು ಗೋಡೆಗೊರಗಿ, ಬೇಡವೆಂದು ತಲೆಯಾಡಿಸುತ್ತಿದ್ದರು. ಅವರ ಮುಖ ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ದೇವರೇ, ಎಂದು ಕಣ್ಣು ಮುಚ್ಚಿ ತಳ್ಳಿದೆ. ಕಿವಿಯೊಳಗೆ ಗುಂಯ್ ಎಂದಿತು. ಆಯಿತು, ಇನ್ನು ನನ್ನ ಕತೆ ಮುಗಿಯಿತು ಅಂದುಕೊಂಡೆ.

ಕಣ್ಣು ಬಿಟ್ಟಾಗ ಕೈ ಒಂದು ಗೇಣು ಮುಂದೆ ಹೋಗಿತ್ತು. ಖುಷಿಪಡಲೂ ಧೈರ್ಯವಿರಲಿಲ್ಲ. ನಾಲಿಗೆ ಹೊರಳುತ್ತದೋ ಇಲ್ಲವೋ ಮೊದಲು ತಿಳಿಯಬೇಕಿತ್ತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಏನ್ರೀ, ಹಾಗೆ ಗರ ಬಡಿದೋರ ಥರ ನಿಂತಿದೀರಲ್ಲ, ಮೈಮೇಲೆ ಜ್ಞಾನ ಇಲ್ವಾ ನಿಮ್ಗೆ? ಆ ನೀರಿನ ಬಾಟ್ಲಿ ಕೊಡ್ರೀ."

ಒಂದಕ್ಷರವೂ ತೊದಲಲಿಲ್ಲ. ಯಜಮಾನರು ಬಾಟಲಿ ಕೊಡಲಿಲ್ಲ. ಹತ್ತಿರ ಬಂದು, ಅಳುತ್ತಲೇ ಕೇಳಿದರು.

"ಇನ್ನೊಂದ್ಸಲ ಬೈಯೇ."