ಪೆಟ್ಟಿಗೆಯೊಳಗೆ ಒಂದೇ ದನಿ

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸತ್ತವಳೊಬ್ಬಳು ದಿನಾ ಸಂಜೆ ಎಲ್ಲರನ್ನೂ ಬಸ್ಸು ಹತ್ತಿಸುತ್ತಿದ್ದಳು. ದೊಡ್ಡಬಳ್ಳಾಪುರದ ಹೊರಗಿರುವ ಆ ಫ್ಯಾಕ್ಟರಿಯಲ್ಲಿ ನಾನು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು. ಅವಳು ಆಫೀಸಿನಲ್ಲಿ ಹಾಜರಿ ನೋಡುತ್ತಿದ್ದ ನನ್ನ ಗೆಳತಿ. ಯಾವ ಬಸ್ಸು ಯಾವ ಗೇಟಿಗೆ ಬರುತ್ತದೆಂದು ದಿನಾ ಮೈಕಿನಲ್ಲಿ ಕೂಗಿ ಗಂಟಲು ಕೆಡಿಸಿಕೊಳ್ಳುತ್ತಿದ್ದಳು. ನೋಡೀ ನೋಡೀ ಸಿಟ್ಟು ಬಂದು, "ಒಂದ್ಸಲ ಸರಿಯಾಗಿ ಹೇಳ್ಬಿಡೇ ಮಾರಾಯ್ತಿ, ಫೋನಲ್ಲಿ ರೆಕಾರ್ಡ್ ಮಾಡ್ಕೊತೀನಿ" ಅಂದೆ. ಬಟ್ಟೆ ಗೋಡೌನಿನಲ್ಲಿ, ಥಾನುಗಳ ಮಧ್ಯೆ ಕೂತು ಹೇಳಿದಳು. ಹೊಲಿಗೆ ಮೆಷಿನ್ನುಗಳ ಸದ್ದು ಬಾರದಿದ್ದ ಜಾಗ ಅದೊಂದೇ. "ತ್ಯಾಮಗೊಂಡ್ಲು ಬಸ್ಸು ಒಂದನೇ ಗೇಟು. ಸೂಲಿಬೆಲೆ ಬಸ್ಸು ಎರಡನೇ ಗೇಟು. ಯಾರೂ ನೂಕಬೇಡಿ, ಎಲ್ಲರಿಗೂ ಸೀಟಿದೆ. ಹುಷಾರಾಗಿ ಮನೆ ಸೇರ್ಕೊಳ್ಳಿ." ಎಲ್ಲರಿಗೂ ಸೀಟು ಯಾವತ್ತೂ ಇರಲಿಲ್ಲ, ಆ ಮಾತು ಬೇರೆ. ಅದನ್ನು ಗೇಟಿನ ಕ್ಯಾಬಿನ್ನಿನ ಕಂಪ್ಯೂಟರಿಗೆ ಹಾಕಿ, ದಿನಾ ಸಂಜೆ ಸ್ಪೀಕರಿನಲ್ಲಿ ಬರುವ ಹಾಗೆ ಮಾಡಿದೆ.

ಆಮೇಲಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ದನಿ ನಿಲ್ಲಲಿಲ್ಲ. ಕ್ಯಾಬಿನ್ನಿನ ಕಂಪ್ಯೂಟರಿಗೆ ಯಾರು ಸತ್ತರೆಂದು ಏನು ಗೊತ್ತು? ಶಿಫ್ಟು ಮುಗಿಯುತ್ತಲೇ ತಾನಾಗಿ ಕೂಗಿತು. ಹೆಂಗಸರು ಇದ್ದಲ್ಲೇ ನಿಂತುಬಿಟ್ಟರು, ಒಂದಿಬ್ಬರು ಸೆರಗು ಬಾಯಿಗೊತ್ತಿಕೊಂಡು ಅತ್ತರು. ನನಗೂ ಮೈ ಜುಮ್ಮೆಂದಿತು. ಆರಿಸಿಬಿಡೋಣವೆಂದು ಮಾರನೆಯ ಸಂಜೆ ಕ್ಯಾಬಿನ್ನಿಗೆ ಹೋದರೆ, ಹೊರಗೆ ಸ್ಪೀಕರಿನ ಕೆಳಗೆ ಅವಳ ಗಂಡ ತಲೆ ಎತ್ತಿಕೊಂಡು ನಿಂತಿದ್ದರು. ನಮ್ಮಲ್ಲೇ ಕಟಿಂಗ್ ಸೆಕ್ಷನ್ನಿನವರು. ಹೆಂಡತಿಯ ಗೆಳತಿಯೆಂದು ನನ್ನನ್ನು ನಮ್ಮ ಮನೆಮಾತಿನಲ್ಲೇ ಆಪಾ, ಅಂದರೆ ಅಕ್ಕಾ, ಅನ್ನುತ್ತಿದ್ದರು.

"ಇರ್ಲಿ ಬಿಡಿ ಆಪಾ. ಮನೇಲಂತೂ ಇಲ್ಲ. ಇಲ್ಲಾದ್ರೂ ಇರ್ಲಿ."

ನಾನು ಆರಿಸದೆ ವಾಪಸ್ ಬಂದೆ. ಅಲ್ಲಿಂದಾಚೆಗೆ ಅವರು ದಿನಾ ಅಲ್ಲೇ ನಿಲ್ಲುತ್ತಿದ್ದರು. "ಮನೆ ಸೇರ್ಕೊಳ್ಳಿ" ಅನ್ನುವ ತನಕ ಕೇಳಿಸಿಕೊಂಡು, ಆಮೇಲೆ ಬಸ್ಸು ಹತ್ತುತ್ತಿದ್ದರು. ತ್ಯಾಮಗೊಂಡ್ಲು ಬಸ್ಸಿನ ಡ್ರೈವರ್ ಮಹಾ ಅವಸರದ ಮನುಷ್ಯ, ಆದರೂ ಆ ಹೊತ್ತಿನಲ್ಲಿ ಹಾರ್ನ್ ಮುಟ್ಟುತ್ತಿರಲಿಲ್ಲ.

ಮನೆಯಲ್ಲಿ ಅಮ್ಮಿಗೆ ಹೇಳಿದರೆ ಬೈದಳು. "ನಕ್ಕೋ ಬೇಟಿ, ಬೇಡ. ಹೋದವರನ್ನ ದಿನಾ ಕರೀಬಾರ್ದು, ಅವರಿಗೂ ಆರಾಮಿಲ್ಲ, ಇದ್ದವರಿಗೂ ಇಲ್ಲ." ನಾನೇನು ಕರೆಯುತ್ತಿದ್ದೇನಾ? ಕೂಗುತ್ತಿದ್ದವಳು ಅವಳು.

ಆ ವರ್ಷವೇ ಫ್ಯಾಕ್ಟರಿಗೆ, ಎಲ್ಲ ಕಂಪ್ಯೂಟರುಗಳ ಫೈಲುಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳುವ ಹೊಸ ಬ್ಯಾಕಪ್ ಪೆಟ್ಟಿಗೆ ಬಂತು. ಅದರ ಗುಣ ಏನೆಂದರೆ, ಒಂದೇ ಥರದ್ದನ್ನು ಎರಡು ಸಲ ಇಟ್ಟುಕೊಳ್ಳುವುದಿಲ್ಲ. ಅದೇ ಫೈಲು ಹತ್ತು ಕಡೆಯಿಂದ ಬಂದರೆ ಒಂದನ್ನು ಇಟ್ಟುಕೊಂಡು, ಉಳಿದ ಒಂಬತ್ತು ಕಡೆ ಬರೀ ಗುರುತು ಹಾಕಿಡುತ್ತದೆ. ಪೆಟ್ಟಿಗೆಯ ಜೊತೆ ಮಾತಾಡಲು ಪ್ರತಿ ಕಂಪ್ಯೂಟರಿಗೂ ಪ್ಲಗ್-ಇನ್ ಅನ್ನುವ ಒಂದು ಚಿಕ್ಕ ಪ್ರೋಗ್ರಾಂ ಹಾಕಬೇಕು. ಅದನ್ನು ಹಾಕುವಷ್ಟರಲ್ಲಿ ನನ್ನ ಪ್ರಾಣ ಹೋಯಿತು. ಒಂದರಲ್ಲಿ ವರ್ಷನ್ ಹೊಂದಲಿಲ್ಲ, ಇನ್ನೊಂದರಲ್ಲಿ ಪಾಸ್‌ವರ್ಡ್ ಒಪ್ಪಲಿಲ್ಲ. ಕಂಪನಿಯ ಎಂಜಿನಿಯರ್ ಫೋನಿನಲ್ಲಿ "ರೀಸ್ಟಾರ್ಟ್ ಮಾಡಿ ನೋಡಿ ಮೇಡಂ" ಅನ್ನುವುದು ಬಿಟ್ಟರೆ ಬೇರೆ ಮಂತ್ರ ಕಲಿತಿರಲಿಲ್ಲ. ಕೊನೆಗೊಂದು ಮಧ್ಯಾಹ್ನ, ನೆಟ್‌ವರ್ಕಿನಾಚೆ ಇದ್ದ ಪೆಟ್ಟಿಗೆ ಎಲ್ಲರ ಪರದೆಯ ಮೇಲೂ ಮಾಮೂಲಿ ಫೋಲ್ಡರಿನ ಹಾಗೆ ಬಂದು ಕೂತಿತು.

ಎಡವಟ್ಟಾಗಿದ್ದು ಅಲ್ಲೇ. ಫೋಲ್ಡರು ಕಂಡ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಅವಳ ದನಿ ಕಳೆದುಹೋಗಬಾರದೆಂದು ಕಟಿಂಗಿನವರು ಅದರಲ್ಲೊಂದು ಕಾಪಿ ಹಾಕಿದರು. ಅದನ್ನು ನೋಡಿ ಹೊಲಿಗೆಯವರು, ಪ್ಯಾಕಿಂಗಿನವರು, ಕ್ಯಾಂಟೀನಿನವರು. ಪ್ರಸಾದ ಹಂಚಿದ ಹಾಗೆ ಹಂಚಿಕೊಂಡರು. ಒಂದೊಂದು ಸೆಕ್ಷನ್ನಿನ ಫೋಲ್ಡರಿನಲ್ಲೂ ಅವಳು. ಕಾಪಿ ಮಾಡಿದರೆ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತಿತ್ತು. ಯಾಕೆಂದರೆ ಪ್ಲಗ್-ಇನ್ ಕಳಿಸುವ ಮೊದಲೇ 'ಇದು ನಿನ್ನ ಹತ್ತಿರ ಇದೆಯಾ?' ಎಂದು ಪೆಟ್ಟಿಗೆಯನ್ನು ಕೇಳುತ್ತದೆ, ಪೆಟ್ಟಿಗೆ 'ಇದ್ದಾಳೆ' ಅನ್ನುತ್ತದೆ. ಹಾಗೆ ಅಂದುಕೊಂಡಾಗೆಲ್ಲ ನನಗೆ ಒಳಗೊಳಗೇ ಹೆದರಿಕೆಯಾಗುತ್ತಿತ್ತು.

"ಒಂದೇ ಬಾವಿಗೆ ಹತ್ತು ಹಗ್ಗ ಬಿಟ್ಟಂಗೆ ಕಣ್ರೀ ಇದು. ಪೆನ್‌ಡ್ರೈವ್ ತಂದ್ಕೊಡಿ, ಬೇರೆ ಹಾಕ್ಕೊಡ್ತೀನಿ" ಎಂದು ಅವಳ ಗಂಡನಿಗೆ ಹೇಳಿದೆ.

"ಎಲ್ಲಾ ಸೆಕ್ಷನ್‌ನಾಗೂ ಐತಲ್ಲ ಆಪಾ, ನಾನೇ ಕಣ್ಣಾರೆ ನೋಡಿದೀನಿ" ಎಂದು ಅವರು ನಕ್ಕರು. ಅವಳು ಹೋದ ಮೇಲೆ ಆ ಮುಖದಲ್ಲಿ ನಗು ಕಂಡಿದ್ದು ಅವತ್ತೇ. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಒಂದು ಜೋರು ಮಳೆಗೆ ಕ್ಯಾಬಿನ್ನಿನ ಶೀಟು ಸೋರಿ ಕಂಪ್ಯೂಟರ್ ನೆಂದು ಸತ್ತಿತು. ಅದೇ ಮಳೆಗೆ ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಪೆಟ್ಟಿಗೆ ದಡಕ್ಕನೆ ಆರಿ ಮತ್ತೆ ಹತ್ತಿಕೊಂಡಿತ್ತು. ಅವತ್ತು ಸಂಜೆ ಗೇಟಿನಲ್ಲಿ ಏನೂ ಕೇಳಿಸಲಿಲ್ಲ. ಬಸ್ಸುಗಳು ಹೊರಟುಹೋದವು. ಅವಳ ಗಂಡ ಬಸ್ಸು ಬಿಟ್ಟು ಸ್ಪೀಕರಿನ ಕೆಳಗೇ ನೆನೆಯುತ್ತಾ ನಿಂತಿದ್ದರು. ಕರೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂರಿಸಿದೆ.

"ಗಾಬರಿಯಾಗ್ಬೇಡಿ, ತೆಗೀತೀನಿ" ಎಂದು ಕಟಿಂಗಿನ ಫೋಲ್ಡರ್ ತೆರೆದೆ. "ತ್ಯಾಮಗೊಂಡ್ಲು ಬಸ್ಸು ಒಂದನೇ ಗೇಟು. ಸೂಲಿಬೆಲೆ ಬಸ್ಸು ಎರಡ..." ನಿಂತುಹೋಯಿತು. ಹೊಲಿಗೆಯವರದ್ದು ತೆರೆದೆ. ಅದೂ ಎರಡ ಅನ್ನುವಲ್ಲೇ ನಿಂತಿತು. ಪ್ಯಾಕಿಂಗಿನದ್ದೂ, ಕ್ಯಾಂಟೀನಿನದ್ದೂ ಹಾಗೇ. ಅದೇ ಜಾಗಕ್ಕೆ ಬಂದು, ಅದೇ ಅರ್ಧ ಮಾತಿಗೆ, ಯಾರೋ ಬಾಯಿ ಮುಚ್ಚಿದ ಹಾಗೆ. ಪೆಟ್ಟಿಗೆಯೊಳಗಿದ್ದ ಆ ಒಂದೇ ಒಂದರಲ್ಲಿ ಒಂದು ತುಂಡು ಕೆಟ್ಟಿತ್ತು, ಎಲ್ಲ ಗುರುತುಗಳೂ ಅಲ್ಲಿಗೇ ಹೋಗಿ ಮುಗ್ಗರಿಸುತ್ತಿದ್ದವು. ನನ್ನ ಹಳೆಯ ಫೋನು ಎಂದೋ ಹಾಳಾಗಿತ್ತು. ಬೇರೆಲ್ಲೂ ಆ ದನಿ ಇರಲಿಲ್ಲ.

"ಎಲ್ಲಾ ಕಡೆ ಒಟ್ಟಿಗೇ ಸತ್ತೋದ್ಲಾ ಆಪಾ?"

ಎಂಜಿನಿಯರಿಗೆ ಫೋನು ಮಾಡಿದೆ. ಆ ತುಂಡು ಇನ್ನು ಬರುವುದಿಲ್ಲ, ಬೇರೆ ಕಡೆ ಕಾಪಿ ಇಲ್ಲವಾ ಎಂದು ಅವನು ನನ್ನನ್ನೇ ಕೇಳಿದ. ಬಾಯಿಗೆ ಬಂದ ಹಾಗೆ ಬೈದು ಫೋನಿಟ್ಟೆ. ಪಾಪ, ಅವನದೇನು ತಪ್ಪು!

ಆಗ ನೆನಪಾಯಿತು. ಅವತ್ತು ಗೋಡೌನಿನಲ್ಲಿ ಅವಳು ಮೊದಲ ಸಲ ಹೇಳಿದ್ದು ಕೆಟ್ಟುಹೋಗಿತ್ತು, ನಾವು ಎರಡನೇ ಸಲದ್ದನ್ನು ಬಳಸಿದ್ದೆವು. ನಾನು ಏನನ್ನೂ ಅಳಿಸುವವಳಲ್ಲ, ಅಮ್ಮಿಯ ಹಳೇ ಡಬ್ಬಿಗಳ ಹಾಗೆ ಎಲ್ಲ ಕೂಡಿಟ್ಟುಕೊಳ್ಳುವವಳು. ಹಳೇ ಫೋನಿನಿಂದ ಇಳಿಸಿಟ್ಟಿದ್ದ ನನ್ನ ಬೇಡದ ಫೈಲುಗಳ ರಾಶಿಯೂ ಪೆಟ್ಟಿಗೆಗೆ ಹೋಗಿತ್ತು. ಹುಡುಕಿದೆ, ಸಿಕ್ಕಿತು. ಕೆಟ್ಟ ಸಲದ್ದು ಒಳ್ಳೆಯ ಸಲದ್ದರ ಹಾಗಿರಲಿಲ್ಲವಲ್ಲ, ಅದಕ್ಕೇ ಪೆಟ್ಟಿಗೆ ಅದನ್ನು ಬೇರೆಯಾಗಿ ಇಟ್ಟುಕೊಂಡಿತ್ತು.

"ತ್ಯಾಮಗೊಂಡ್ಲು ಬಸ್ಸು ಒಂದನೇ..." ಅಷ್ಟರಲ್ಲಿ ಬಟ್ಟೆ ಧೂಳಿಗೆ ದೊಡ್ಡದೊಂದು ಸೀನು. ಹಿಂದೆಯೇ ಇನ್ನೊಂದು. ಆಮೇಲೆ ಅವಳ ನಗು, ತಡೆಯಲಾರದೆ ಉಸಿರು ಕಟ್ಟಿಕೊಂಡು ನಗುವ ನಗು. "ಅಯ್ಯೋ ಹಾಳಾದ್ ಧೂಳೇ! ಲೇ, ಇದನ್ನ ಅಳಿಸ್ಬಿಡೇ. ನಮ್ಮನೆಯವ್ರು ಕೇಳಿಸ್ಕೊಂಡ್ರೆ ತಿಂಗ್ಳಾನುಗಟ್ಲೆ ಆಡ್ಕೊಂಡು ನಗ್ತಾರೆ ಕಣೇ, ಅಳಿಸ್ಬಿಡು."

ಮುಗಿಯಿತು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಉಳಿದಿದ್ದು ಇದೊಂದೇ, ಅದರಲ್ಲೂ ಅವಳು ಕೇಳಿಕೊಂಡಿದ್ದು ಅಳಿಸು ಅಂತ. ಅಮ್ಮಿ ಹೇಳಿದ್ದು ನೆನಪಾಯಿತು.

"ಇನ್ನೊಂದ್ಸಲ ಹಾಕಿ ಆಪಾ" ಅಂದರು.

ಹಾಕಿದೆ. ಅವರು ಪರದೆಯ ಹತ್ತಿರಕ್ಕೆ ಬಗ್ಗಿದರು. ಸೀನು ಬಂತು, ನಗು ಬಂತು, ಅಳಿಸ್ಬಿಡು ಅನ್ನುವುದೂ ಬಂತು. ಮನೆಯಲ್ಲಿ ಅವಳ ಎದುರಿಗೇ ಕೂತು ಹೇಳುವವರ ಹಾಗೆ, ಮೆಲ್ಲಗೆ, ಅವರು ಅಂದರು:

"ನಗಲ್ಲ ಕಣೇ."