ನಾಟಕದ ಮೇಷ್ಟ್ರು ಬರೆಸಿದ ಅರ್ಜಿ

ಹಿಂದೂಪುರದಲ್ಲಿ ಬಸ್ಸಿಳಿದ ಕೂಡಲೇ ನನ್ನ ಬಾಯಲ್ಲಿ ನೀರೂರಿತು. ಹಸಿವಿನಿಂದಲ್ಲ. ಪೇಟೆಯ ದಾರಿಯುದ್ದಕ್ಕೂ ಹುಣಸೆಹಣ್ಣು ರಾಶಿ ಬಿದ್ದಿತ್ತು, ಜಗಲಿಗಳ ಮೇಲೆ ಹೆಂಗಸರು ಕೂತು ಬೀಜ ಬಿಡಿಸಲು ಕುಟ್ಟುತ್ತಿದ್ದರು, ಗಾಳಿಯೇ ಹುಳಿಯಾಗಿತ್ತು. ನಮ್ಮ ಕಲ್ಯಾಣದುರ್ಗದ ಗಾಳಿಗೆ ಬಾಯಿ ಒಣಗುತ್ತದೆ, ತುಟಿ ಒಡೆಯುತ್ತದೆ. ಇಲ್ಲಿ ಏನೂ ತಿನ್ನದೆ ಎಂಜಲು ನುಂಗುತ್ತಾ ನಡೆಯಬೇಕಾಯಿತು. ಪೇಟೆಯ ಜನ ಮಾತ್ರ ಅದರ ಪರಿವೆಯೇ ಇಲ್ಲದೆ ಓಡಾಡುತ್ತಿದ್ದರು.

ನಾನು ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಹತ್ತು ಹನ್ನೆರಡು ವರ್ಷ ನಾಟಕ ಕಲಿಸಿಕೊಂಡಿದ್ದವನು. ಕಡಲೆಕಾಯಿ ಕಿತ್ತು ಮನೆಗೆ ಬಂದ ಮೇಲೆ ಊರಿನವರಿಗೆ ನಾಟಕದ ಹುಚ್ಚು ಹತ್ತುತ್ತಿತ್ತು. ಆಗ ನನ್ನನ್ನು ಕರೆಸುತ್ತಿದ್ದರು. ಊಟ, ವಸತಿ, ಕೊನೆಗೊಂದು ಜೊತೆ ಪಂಚೆ, ಕೈಗಿಷ್ಟು ದುಡ್ಡು. ಆಮೇಲೆ ಕಲ್ಯಾಣದುರ್ಗಕ್ಕೆ ಟೆಂಟ್ ಸಿನಿಮಾ ಬಂತು. ರಾಜನ ಪಾತ್ರ ಮಾಡುತ್ತಿದ್ದವರೆಲ್ಲ ಗಾಡಿ ಕಟ್ಟಿಕೊಂಡು ಸಿನಿಮಾಕ್ಕೆ ಹೊರಟರು. ಎರಡು ಸುಗ್ಗಿ ಕಳೆದರೂ ಯಾರೂ ನನ್ನನ್ನು ಕರೆಯಲಿಲ್ಲ. ಹೆಂಡತಿ ಲಕ್ಷ್ಮೀದೇವಿಯನ್ನೂ ಮಗಳನ್ನೂ ಭಾವಮೈದನ ಮನೆಯಲ್ಲಿ ಬಿಟ್ಟು ನಾನು ಹಿಂದೂಪುರಕ್ಕೆ ಬಂದೆ. ಕೆಲಸ ಸಿಕ್ಕರೆ ಅವರನ್ನು ಕರೆಸಿಕೊಳ್ಳುವುದು, ಸಿಗದಿದ್ದರೆ ನಾನೂ ಹೋಗಿ ಭಾವಮೈದನ ಹೊಲದಲ್ಲಿ ಕೂಲಿಗೆ ನಿಲ್ಲುವುದು. ಬೇರೆ ದಾರಿ ಇರಲಿಲ್ಲ.

ಟೈಪಿಂಗ್ ಶಾಲೆಯೊಂದರ ಹಿಂದೆ ಕೋಣೆ ಸಿಕ್ಕಿತು. ನಮ್ಮೂರಿನ ಮಣ್ಣಿನ ಮಾಳಿಗೆ ಮನೆ ಮಧ್ಯಾಹ್ನ ತಂಪಾಗಿರುತ್ತದೆ, ಸಂಜೆ ಮಾಳಿಗೆ ಹತ್ತಿದರೆ ಪಕ್ಕದ ನಾಲ್ಕು ಮನೆಯವರೊಡನೆ ಮಾತಾಡಬಹುದು. ಇಲ್ಲಿ ತಲೆಯ ಮೇಲೆ ಕಾದ ಹೆಂಚು, ಗೋಡೆಯಾಚೆ ದಿನವಿಡೀ ಟೈಪ್ ಮೆಷಿನ್ನಿನ ಟಕಟಕ. ಬೆಳಿಗ್ಗೆ ಹೋಟೆಲಿನಲ್ಲಿ ಉಗ್ಗಾಣಿ ಕೇಳಿದರೆ ಸಪ್ಲೈಯರ್ ನನ್ನ ಮುಖ ನೋಡಿದ. ಮಂಡಕ್ಕಿ ನೆನೆಸಿ, ಹಿಂಡಿ, ಒಗ್ಗರಣೆ ಹಾಕಿದರೆ ಅದೇ ಉಗ್ಗಾಣಿ. ನಮ್ಮ ಕಡೆ ಅದಿಲ್ಲದೆ ಬೆಳಗಾಗುವುದಿಲ್ಲ. ಇಲ್ಲಿ ಇಡ್ಲಿ ತಿಂದು ಸುಮ್ಮನಾದೆ. ಮಾತಿನ ವಿಷಯದಲ್ಲಿ ಅಂಥ ಕಷ್ಟವೇನಿರಲಿಲ್ಲ. ಎರಡೂ ಕಡೆ ಕನ್ನಡ, ತೆಲುಗು ಕಲೆಸಿದ ಅನ್ನವೇ. ಆದರೆ ಬಸ್ಟ್ಯಾಂಡಿನಿಂದ ಕೋಣೆಯವರೆಗೆ ನಡೆದು ಬಂದರೂ ಒಬ್ಬರೂ ‘ಊಟ ಆಯ್ತಾ’ ಎಂದು ಕೇಳುತ್ತಿರಲಿಲ್ಲ. ಅದು ನನಗೆ ಬಹಳ ದಿನ ನೋವು ಕೊಟ್ಟಿತು.

ಊರಾಚೆ ಹೊಸದಾಗಿ ನೂಲಿನ ಗಿರಣಿ ಶುರುವಾಗಿತ್ತು. ಕೂಲಿಗಳು ಬರುವ ಹೊತ್ತು, ಹೋಗುವ ಹೊತ್ತು ಬರೆದಿಡಲು ಟೈಮ್ ಕೀಪರ್ ಬೇಕಂತೆ ಎಂದು ಕೇಳಿ ಹೋದೆ. ಒಬ್ಬನೇ ಹೋಗಲಿಲ್ಲ, ನಮ್ಮ ಪದ್ಧತಿಯಂತೆ ಹೋದೆ. ನಮ್ಮ ಕಡೆ ನಾಟಕದ ಮೇಷ್ಟ್ರು ತನ್ನ ಬಗ್ಗೆ ತಾನು ಬಾಯಿ ಬಿಡುವಂತಿಲ್ಲ. ಹಿಂದಿನ ವರ್ಷ ಕಲಿಸಿದ ಊರಿನವನೊಬ್ಬ ಜೊತೆಗೆ ಬಂದು, ಹೊಸ ಊರಿನವರು ಇಟ್ಟ ಎಲೆ ಅಡಿಕೆ ತಟ್ಟೆಯ ಮುಂದೆ ಕೂತು ಮೇಷ್ಟ್ರ ಗುಣಗಾನ ಮಾಡಬೇಕು. ಮೇಷ್ಟ್ರು ನೆಲ ನೋಡುತ್ತಾ ಕೂತಿರಬೇಕು. ‘ನಾನು ಹಾಗೆ ಮಾಡಿದೆ, ಹೀಗೆ ಮಾಡಿದೆ’ ಅಂದರೆ ಹಗುರ ಮನುಷ್ಯ ಎಂದು ತಟ್ಟೆ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ನನ್ನ ಹಳೆಯ ಶಿಷ್ಯ ತಿಪ್ಪೇಸ್ವಾಮಿಯನ್ನು ಊರಿನಿಂದ ಕರೆಸಿಕೊಂಡಿದ್ದೆ. ಅವನು ಬಿಳೀ ರುಮಾಲು ಸುತ್ತಿಕೊಂಡು ಬಂದಿದ್ದ.

ಮ್ಯಾನೇಜರು ನನ್ನನ್ನು ನೋಡಿ, “ನಿನಗೇನು ಕೆಲಸ ಬರುತ್ತೆ?” ಎಂದರು. ನಾನು ತಲೆ ತಗ್ಗಿಸಿದೆ. ತಿಪ್ಪೇಸ್ವಾಮಿ ಕೈಮುಗಿದು, “ನಮ್ ಮೇಷ್ಟ್ರು ಬಂಗಾರ್ದಂಥ ಮನುಷ್ಯ ಸಾರ್. ಇವ್ರ ತಾತ ನಮ್ ಸೀಮೇಗೆಲ್ಲ ಬೇಕಾದೋರು. ಇವ್ರಪ್ಪನೂ ಅಷ್ಟೇಯ” ಎಂದು ಶುರು ಮಾಡಿದ.

“ಕೆಲಸ ಬೇಕಾಗಿರೋದು ಯಾರಿಗಯ್ಯಾ? ಇವನಿಗೋ, ಇವನ ತಾತನಿಗೋ, ನಿನಗೋ?”

“ಮೇಷ್ಟ್ರಿಗೇ ಸಾರ್.”

“ಹಾಗಾದ್ರೆ ಅವನಿಗೆ ಬಾಯಿಲ್ವಾ?”

ನನ್ನ ಕಿವಿ ಕೆಂಪಾಯಿತು. ಟೈಪು ಮಾಡಿಸಿದ ಅರ್ಜಿ ತೆಗೆದುಕೊಂಡು ಸೋಮವಾರ ಬಾ, ಒಬ್ಬನೇ ಬಾ ಎಂದು ಹೇಳಿ ಕಳಿಸಿಬಿಟ್ಟರು. ಹೊರಗೆ ಬಂದ ಮೇಲೆ ತಿಪ್ಪೇಸ್ವಾಮಿ, “ನಾನ್ ಇನ್ನೂ ಅರ್ಧ ಹೇಳಿರ್ಲಿಲ್ಲ ಕಣ್ ಮೇಷ್ಟ್ರೇ, ಅಷ್ಟ್ರಲ್ಲೇ ಕಳಿಸ್ಬುಟ್ಟ” ಎಂದು ಕೊರಗಿದ. ಅವನನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸುವ ಕೆಲಸವೂ ನನ್ನದೇ ಆಯಿತು.

ಟೈಪಿಂಗ್ ಶಾಲೆಯ ಶ್ರೀನಿವಾಸಯ್ಯನವರು ಗೋರಂಟ್ಲದ ಕಡೆಯವರು. ಅರ್ಜಿ ಟೈಪು ಮಾಡುವುದರಲ್ಲಿ ಪಳಗಿದ ಕೈ. ಗಿರಣಿಯಲ್ಲಿ ನಡೆದದ್ದನ್ನೆಲ್ಲ ಅವರಿಗೆ ಹೇಳಿಕೊಂಡೆ. ನನ್ನ ಹೆಸರು, ವಯಸ್ಸು, ಎಂಟನೇ ತರಗತಿ ಓದು ಎಲ್ಲ ಹೊಡೆದು ಮುಗಿಸಿ ಕೈ ನಿಲ್ಲಿಸಿದರು.

“ಅನುಭವ ಅನ್ನೋ ಕಡೆ ‘ಇಲ್ಲ’ ಅಂತ ಹಾಕ್ಲೇನಪ್ಪ?”

“ಯಾಕ್ ಸ್ವಾಮಿ? ನಾಟ್ಕ ಕಲ್ಸಿಲ್ವೇ?”

“ನಾಟ್ಕ ಅಂತ ಬರದ್ರೆ ಗಿರಣೀಲಿ ನಗ್ತಾರೆ ಕಣಪ್ಪ. ಇವ್ನು ಬಣ್ಣ ಹಚ್ಕಂಡು ಕುಣಿಯೋನು ಅಂತಾರೆ.”

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ನಾನು ಬದುಕಿಯೇ ಇರಲಿಲ್ಲ ಎಂದು ಇವರು ಕಾಗದದ ಮೇಲೆ ಹೊಡೆಯಲು ಹೊರಟಿದ್ದಾರಲ್ಲ! ಹಿರಿಯರು ಎನ್ನುವುದನ್ನೂ ಮರೆತು ಕೂಗಾಡಿದೆ.

“ಮೂವತ್ತು ಜನ ಸ್ವಾಮಿ! ಹಗಲೆಲ್ಲ ನೇಗ್ಲು ಹೊಡ್ದು ಬಂದೋರ್ನ ಒಂದೇ ಹೊತ್ಗೆ ಸೇರಿಸ್ತಿದ್ದೆ. ಯಾವೋನು ಬಂದ, ಯಾವೋನು ಬರ್ಲಿಲ್ಲ ಅಂತ ಬಾಗ್ಲಲ್ಲೇ ನಿಂತು ನೋಡ್ತಿದ್ದೆ. ಅಣ್ಣ ತಮ್ಮ ಮಾತ್ ಬಿಟ್ಟಿದ್ರೂ ಇಬ್ರುನ್ನೂ ಒಂದೇ ಕಡೆ ನಿಲ್ಲಿಸ್ತಿದ್ದೆ. ಓದು ಬರ್ದೇ ಇರೋರಿಗೆ ನೂರಾರು ಸಾಲು ಬಾಯಿಪಾಠ ಮಾಡಿಸ್ದೆ. ಇದೆಲ್ಲ ‘ಇಲ್ಲ’ವಾ?”

ಶ್ರೀನಿವಾಸಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. “ಇದ್ನೇ ಅಲ್ವೇನಪ್ಪ ಅವ್ರು ಕೇಳಿದ್ದು? ಅಲ್ಲಿ ನೆಲ ನೋಡ್ಕಂಡು ಕೂತ್ಕಂಡು, ಇಲ್ಲಿ ನನ್ ಮೇಲೆ ಕಿರಿಚ್ತೀಯ” ಎಂದು ಹೊಸ ಹಾಳೆ ಹಾಕಿದರು.

ನಾನು ಹೇಳುತ್ತಾ ಹೋದೆ, ಅವರು ಇಂಗ್ಲಿಷಿಗೆ ತಿರುಗಿಸಿ ಹೊಡೆಯುತ್ತಾ ಹೋದರು. ಅವರದು ಒಂದೇ ಲೆಕ್ಕಾಚಾರ: ಹಳೆಯ ಕೆಲಸದಲ್ಲಿ ಹೊಸ ಕೆಲಸಕ್ಕೆ ಆಗಿಬರುವುದು ಮೊದಲು, ಮಿಕ್ಕಿದ್ದು ಆಮೇಲೆ, ಬೇಡದ್ದು ಬೇಡವೇ ಬೇಡ. ಅರ್ಜಿಯಿಂದ ತಾತ ಹೋದ, ಅಪ್ಪ ಹೋದ. ಹಾರ್ಮೋನಿಯಂ ಹೋಯಿತು. ನಾನೇ ಕಟ್ಟಿದ ಹಾಡುಗಳೂ ಹೋದವು. ‘ನಾಟಕ’ ಎನ್ನುವ ಮಾತು ಮಾತ್ರ ಇರಲೇಬೇಕೆಂದು ಹಟ ಹಿಡಿದೆ. ಕೊನೆಯ ಸಾಲಿನಲ್ಲಿ ಅದಕ್ಕೊಂದು ಜಾಗ ಕೊಟ್ಟರು. ಊರಿನಲ್ಲಿ ನಾಟಕವೇ ನಾನು, ಮಿಕ್ಕಿದ್ದೆಲ್ಲ ಅದರ ಚಾಕರಿ. ಇಲ್ಲಿ ಚಾಕರಿ ಮೇಲೆ ಬಂತು. ಊರು ಬಿಟ್ಟು ಕೆಲಸ ಬದಲಾಯಿಸಲು ಹೊರಟ ನಮ್ಮ ಕಡೆಯ ಹುಡುಗರಿಗೆ ಇದನ್ನೇ ಹೇಳುತ್ತೇನೆ: ನಾಚಿಕೆ ಬಿಟ್ಟು ‘ನಾನು ಮಾಡಿದೆ’ ಎಂದು ಬರೆಯಿರಿ, ಸುಳ್ಳು ಮಾತ್ರ ಬೇಡ.

ಸೋಮವಾರ ಮ್ಯಾನೇಜರು ಅರ್ಜಿಯನ್ನು ಎರಡು ಸಲ ಓದಿದರು. “ಮೂವತ್ತರಲ್ಲಿ ಒಬ್ಬ ಬರದಿದ್ದರೆ ಏನು ಮಾಡ್ತಿದ್ದೆ?”

ನಾನು ತಲೆಯೆತ್ತಿದೆ. “ಮನೆ ತನಕ ಹೋಗಿ ಕರ್ಕಂಡ್ ಬತ್ತಿದ್ದೆ ಸಾರ್. ಆಗ್ಲೂ ಬರ್ದಿದ್ರೆ ಅವ್ನ ಪಾತ್ರ ನಾನೇ ಮಾಡ್ತಿದ್ದೆ.”

“ಇಲ್ಲಿ ಅದೊಂದು ಮಾಡಬೇಡ” ಎಂದು ನಕ್ಕು, ಮೊದಲ ತಾರೀಖಿನಿಂದ ಬರಲು ಹೇಳಿದರು. ಆ ತಿಂಗಳು ಕಳೆದ ಮೇಲೆ ಲಕ್ಷ್ಮೀದೇವಿ, ಮಗಳು ಇಬ್ಬರೂ ಬಂದರು. ಕೋಣೆಯಲ್ಲಿ ಉಗ್ಗಾಣಿಯ ಒಗ್ಗರಣೆ ಚಟಪಟಗುಟ್ಟಿದ ದಿನ ನಾನು ಸಂತೋಷದಿಂದ ಅತ್ತುಬಿಟ್ಟೆ.

ಗಿರಣಿಯ ಬಾಗಿಲಲ್ಲಿ ನಿಂತು ಈಗ ಎರಡು ವರ್ಷವಾಗುತ್ತಾ ಬಂತು. ಕೂಲಿಗಳು ನನ್ನನ್ನು ‘ಕಲ್ಯಾಣದುರ್ಗದೋರು’ ಎನ್ನುತ್ತಾರೆ. ಹೆಸರು ಹಿಡಿದು ಕರೆಯುವವರು ಕಡಿಮೆ. ಹುಣಸೆಯ ಗಾಳಿಗೆ ಬಾಯಲ್ಲಿ ನೀರೂರುವುದು ಯಾವಾಗ ನಿಂತಿತೋ ತಿಳಿಯದು.

ಈ ಸುಗ್ಗಿಯಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಸಿನಿಮಾದ ಹುಚ್ಚು ಕೊಂಚ ಇಳಿದು, ಚಾವಡಿಯಲ್ಲಿ ಮತ್ತೆ ನಾಟಕ ಶುರುವಾಗಿತ್ತು. ಕಲಿಸುತ್ತಿದ್ದವನು ತಿಪ್ಪೇಸ್ವಾಮಿ. ಹಾಡು ನನ್ನದೇ, ಎರಡನೇ ಸಾಲಿನಲ್ಲಿ ರಾಗ ತಪ್ಪುತ್ತಿತ್ತು. ಬಾಗಿಲಲ್ಲಿ ನಿಂತು ಕೇಳಿದೆ. ಒಳಗೆ ಹೋಗಿ ಹಾರ್ಮೋನಿಯಂ ಎಳೆದುಕೊಂಡು ಕೂರಬೇಕೆಂದು ಕೈ ತುಡಿಯಿತು. ಅಷ್ಟರಲ್ಲಿ ತಿಪ್ಪೇಸ್ವಾಮಿ ನನ್ನನ್ನು ನೋಡಿದ. ಹಾಡು ನಿಲ್ಲಿಸಿ ಓಡಿ ಬಂದು ಕೈಹಿಡಿದುಕೊಂಡ.

“ಲೇ, ಕುರ್ಚಿ ತಂದಾಕ್ರಲಾ! ಹಿಂದೂಪುರ್ದಿಂದ ಬಂದವ್ರೆ!”

ಯಾರದೋ ಮನೆಯಿಂದ ಕುರ್ಚಿ ಬಂತು. ನಮ್ಮೂರಲ್ಲಿ ಕುರ್ಚಿ ಹಾಕುವುದು ತಾಲ್ಲೂಕಿನಿಂದ ಬರುವ ಸಾಹೇಬರಿಗೆ. ಊರಿನವರೆಲ್ಲ ನೆಲದ ಮೇಲೆ, ಗೋಣಿತಾಟಿನ ಮೇಲೆ ಒತ್ತಿಕೊಂಡು ಕೂತಿದ್ದರು. ಅವರ ನಡುವೆ ಕೂರಲು ನಾನು ಬಗ್ಗಿದಾಗ, ಪಕ್ಕದಲ್ಲಿದ್ದವನು ಸರಿದು ಜಾಗ ಮಾಡಲಿಲ್ಲ. ಎದ್ದು ನಿಂತು ಕೈಮುಗಿದ.