ರಾಗಿಯ ಋಣ ಮತ್ತು ನನ್ನ ಬಿ.ಎ.

ನಾನು ಅರ್ಥಶಾಸ್ತ್ರದಲ್ಲಿ ಫೇಲಾದದ್ದು ರಾಗಿಯ ಋಣದಿಂದ. ಓದಲಿಲ್ಲ ಅಂತಲ್ಲ. ಮರ ಕೆತ್ತುವ ಬಾಚಿ ಹಿಡಿದ ಕೈಯಲ್ಲೇ ಪುಟ ತಿರುವಿ, ಪುಸ್ತಕದ ತುಂಬ ಮರದ ಹೊಟ್ಟು ಉದುರಿಸಿಕೊಂಡು ಓದಿದ್ದೆ. ಆದರೂ ಫೇಲಾದೆ. ಇಷ್ಟು ವರ್ಷಗಳಾದ ಮೇಲೂ ಈ ಮಾತನ್ನು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಮಾತು. ಶೀಳನೆರೆಗೆ ಹತ್ತಿರದ ನಮ್ಮೂರಿನಲ್ಲಿ ನಮ್ಮದೊಂದೇ ಬಡಗಿಯ ಮನೆ. ಎಸ್ಸೆಸ್ಸೆಲ್ಸಿ ಮುಗಿದ ಮಾರನೆಯ ದಿನವೇ ಅಪ್ಪ ನನ್ನ ಕೈಗೆ ಉಳಿ ಕೊಟ್ಟಿದ್ದರು. ಇಪ್ಪತ್ತು ವರ್ಷ ನೇಗಿಲು, ನೊಗ, ಗಾಡಿಚಕ್ರ ಮಾಡಿದ ಮೇಲೆ, ಕಾಲೇಜಿನ ಮೆಟ್ಟಿಲು ಹತ್ತದವರೂ ಮನೆಯಲ್ಲೇ ಕೂತು ಬಿ.ಎ. ಓದಬಹುದು, ವಯಸ್ಸಾಗಿದ್ದರೆ ಸಾಕು ಎಂಬ ಸುದ್ದಿ ಕೆ.ಆರ್.ಪೇಟೆಯ ಬಸ್ ನಿಲ್ದಾಣದಲ್ಲಿ ಕಿವಿಗೆ ಬಿತ್ತು. ವಯಸ್ಸೇ ಅರ್ಹತೆ ಎಂದಾಗ ನನಗೆ ಬಹಳ ಖುಷಿಯಾಯಿತು. ಯಾವ ಶ್ರಮವೂ ಇಲ್ಲದೆ ನಾನು ಸಂಪಾದಿಸಿದ್ದು ಅದೊಂದನ್ನೇ.

ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಕೆಲವು ಭಾನುವಾರ ಶ್ರೀರಂಗಪಟ್ಟಣದಲ್ಲಿ ತರಗತಿ. ನನ್ನ ಪಕ್ಕ ಕೂರುತ್ತಿದ್ದವರು ನಾಗಮಂಗಲ ಕಡೆಯ ಹಾಲಿನ ಡೇರಿಯ ಕಾರ್ಯದರ್ಶಿ. ಬೆಳಗಿನ ಹಾಲು ಅಳೆಸಿಕೊಂಡು ಬಸ್ಸು ಹತ್ತಿದವರಾದ್ದರಿಂದ ಮೇಷ್ಟ್ರು ಬೇಡಿಕೆ ಎನ್ನುವಷ್ಟರಲ್ಲಿ ಅವರಿಗೆ ಜೊಂಪು, ಪೂರೈಕೆಗೆ ಬರುವಷ್ಟರಲ್ಲಿ ಗೊರಕೆ. ನಾನು ಮಾತ್ರ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದೆ. ಒಂದೇ ಪದಾರ್ಥವನ್ನು ತಿನ್ನುತ್ತಾ ಹೋದಂತೆ ಒಂದೊಂದು ತುತ್ತಿನ ಸುಖವೂ ಹಿಂದಿನದಕ್ಕಿಂತ ಕಡಿಮೆಯಾಗುತ್ತದೆ ಎಂಬ ನಿಯಮವನ್ನು ಮೇಷ್ಟ್ರು ಕಿತ್ತಳೆ ಹಣ್ಣಿನ ಉದಾಹರಣೆ ಕೊಟ್ಟು ಹೇಳಿದರು. ಇದನ್ನು ಬರೆದವನು ಆಲೆಮನೆಯ ಬಿಸಿ ಬೆಲ್ಲ ತಿಂದಿರಲಾರ ಅಂದುಕೊಂಡೆ. ಆ ವಾರವೇ ಆಲೆಮನೆಗೆ ಹೋಗಿ ಪರೀಕ್ಷಿಸಿದೆ. ಮೂರನೆಯ ಉಂಡೆಗೆ ಹಲ್ಲು ಜುಂ ಎಂದಾಗ ಶಾಸ್ತ್ರದ ಮೇಲೆ ಭಕ್ತಿ ಹುಟ್ಟಿತು.

ನಾನು ಕೆಟ್ಟದ್ದು ವಸ್ತು ವಿನಿಮಯದ ಅಧ್ಯಾಯದಲ್ಲಿ. ಹಣವಿಲ್ಲದ ಕಾಲದಲ್ಲಿ ನೇಗಿಲು ಮಾಡಿದವನು ಧಾನ್ಯ ಇರುವವನನ್ನು ಹುಡುಕಬೇಕಿತ್ತು, ಆ ಧಾನ್ಯದವನಿಗೂ ಅದೇ ಹೊತ್ತಿಗೆ ನೇಗಿಲು ಬೇಕಾಗಿರಬೇಕಿತ್ತು, ಇದು ಬಲು ಕಷ್ಟವಾದ್ದರಿಂದ ಆ ಪದ್ಧತಿ ಮಾಯವಾಯಿತು ಎಂದು ಪುಸ್ತಕ ಹೇಳುತ್ತಿತ್ತು. ಅದನ್ನು ಓದುವಾಗ ನನ್ನ ಹೊಟ್ಟೆಯಲ್ಲಿದ್ದದ್ದು ಆಯದ ರಾಗಿಯ ಮುದ್ದೆ. ಆಯ ಎಂದರೆ ಸುಗ್ಗಿಯ ಕಣದಲ್ಲಿ ರೈತರು ಬಡಗಿಗೆ, ಕಮ್ಮಾರನಿಗೆ ಮೊರದಲ್ಲಿ ಅಳೆದು ಕೊಡುವ ಪಾಲು. ವರ್ಷವಿಡೀ ಯಾರ ನೇಗಿಲು ಯಾವಾಗ ಮುರಿದರೂ ನಾವು ಸರಿಮಾಡಿಕೊಡಬೇಕು. ನಮ್ಮಪ್ಪ ರಾಗಿ ಹುಡುಕಿಕೊಂಡು ಊರೂರು ಅಲೆದದ್ದನ್ನು ನಾನಂತೂ ನೋಡಿಲ್ಲ.

ಪಾಂಡವಪುರದಲ್ಲಿ ಪರೀಕ್ಷೆ. 'ವಸ್ತು ವಿನಿಮಯ ಪದ್ಧತಿಯ ದೋಷಗಳನ್ನು ವಿವರಿಸಿ' ಎಂಬ ಪ್ರಶ್ನೆ ಕಂಡದ್ದೇ ಮೈ ಉರಿಯಿತು. ಮಾಯವಾಗಿಲ್ಲ, ಬಂದು ನೋಡಿ ಎಂದು ಶುರು ಮಾಡಿ ಆರು ಪುಟ ಅದರ ಗುಣಗಳನ್ನೇ ಬರೆದೆ. ಉಳಿದ ಪ್ರಶ್ನೆಗಳಿಗೆ ಹೊತ್ತೇ ಸಾಲಲಿಲ್ಲ. ನಂತರ ಮೇಷ್ಟ್ರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯಿರಿ, ಊರಿನ ಪರ ವಕಾಲತ್ತು ಬೇಡ ಎಂದರು.

ಫೇಲಾದ ಸುದ್ದಿ ಬಂದಾಗ ಊರಿನಲ್ಲಿ ಸಂತೋಷಪಟ್ಟವರು ಮರೀಗೌಡರು ಒಬ್ಬರೇ. ನಮ್ಮ ಆಯದ ಮನೆಗಳಲ್ಲಿ ದೊಡ್ಡದು ಅವರದು. ನಾನು ಪುಸ್ತಕ ಹಿಡಿದಾಗಲೆಲ್ಲ ಮುರಿದ ನೊಗವೋ ಸಡಿಲವಾದ ನೇಗಿಲ ಮೇಣಿಯೋ ಹೊತ್ತು ತರುತ್ತಿದ್ದರು. ಆ ದಿನವೂ ಬಂದು, ಒಳ್ಳೇದಾಯ್ತು ಬುಡ್ಲಾ ಎಂದರು. ನನಗೆ ಅಳುವೇ ಬಂತು. ಮೂರು ದಿನ ಬಾಚಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಗೌಡರು ಬರಿಗೈಯಲ್ಲಿ ಬಂದು ಜಗುಲಿಯ ಮೇಲೆ ಕೂತರು. ನೆಲ ನೋಡುತ್ತಲೇ ಹೇಳಿದರು:

"ನೀನ್ ಪಾಸಾಗ್ಬುಟ್ರೆ ಯಾವ್ದಾರ ಆಪೀಸ್ಗೆ ಒಂಟೋಯ್ತೀಯ. ಆಮೇಲ್ ನಮ್ ನೇಗ್ಲು ಯಾರ್ ನೋಡಾರ್ಲಾ?"

ಪದವಿ ಯಾಕೆ ಬೇಕು ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಓದಬೇಕು ಅನ್ನಿಸಿತ್ತು, ಓದುತ್ತಿದ್ದೆ, ಅಷ್ಟೇ. ಆದರೆ ಅಷ್ಟನ್ನು ಬಿಟ್ಟುಬಿಡು ಎಂದರೆ ಬದುಕಿನಲ್ಲಿ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಅದನ್ನೇ ಹೇಳಿದೆ. ಗೌಡರು ಎದ್ದು ಹೋದರು.

ಮುಂದಿನ ವರ್ಷ ಮತ್ತೆ ಪರೀಕ್ಷೆ. ಅಂದು ಊರಿಗೆ ಬರಬೇಕಾದ ಬೆಳಗಿನ ಬಸ್ಸೇ ಬರಲಿಲ್ಲ. ಅರಳೀಕಟ್ಟೆಯ ಹತ್ತಿರ ನಿಂತು ಬೆವರುತ್ತಿದ್ದೆ. ಅಷ್ಟರಲ್ಲಿ ಗಾಡಿ ಕಟ್ಟಿಕೊಂಡು ಗೌಡರೇ ಬಂದರು. ಅತ್ತ ಕಡೆ ಏನೋ ಕೆಲಸಕ್ಕೆ ಹೊರಟವರಂತೆ ಮುಖ ಮಾಡಿದ್ದರು, ಆದರೆ ಗಾಡಿಯಲ್ಲಿ ಗೊಬ್ಬರವೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ನಾನೇ ಮಾಡಿಕೊಟ್ಟ ಚಕ್ರಗಳು ಗಡಗಡ ಉರುಳಿದವು. ಚಕ್ರವನ್ನು ಇನ್ನೊಂದಿಷ್ಟು ನಯ ಮಾಡಬಹುದಿತ್ತು ಎಂದು ದಾರಿಯುದ್ದಕ್ಕೂ ನನ್ನ ಬೆನ್ನೆಲುಬು ಹೇಳುತ್ತಿತ್ತು. ದೊಡ್ಡ ರಸ್ತೆಯಲ್ಲಿ ಪಾಂಡವಪುರದ ಬಸ್ಸಿಗೆ ಕೈ ಅಡ್ಡ ಹಾಕಿ, ನನ್ನನ್ನು ಹತ್ತಿಸಿಯೇ ಅವರು ಎತ್ತು ತಿರುಗಿಸಿದರು.

ಅವರಿಗೆ ಬೇಕಾಗಿದ್ದದ್ದು ನಾನು ಫೇಲಾಗುವುದು, ನನಗೆ ಬೇಕಾಗಿದ್ದದ್ದು ಪಾಸಾಗುವುದು. ಬಯಕೆಗಳು ಇಷ್ಟು ಎದುರುಬದುರಾಗಿದ್ದೂ ಗಾಡಿ ಕಟ್ಟಿದವರ ಉದಾಹರಣೆ ನನ್ನ ಯಾವ ಪಾಠದಲ್ಲೂ ಇರಲಿಲ್ಲ. ಆ ಸಲವೂ ಅದೇ ದೋಷಗಳ ಪ್ರಶ್ನೆ ಬಂದಿತ್ತು. ಹಲ್ಲು ಕಚ್ಚಿಕೊಂಡು ದೋಷಗಳನ್ನೇ ಬರೆದೆ, ಪಾಸಾದೆ. ಅನ್ನ ಹಾಕಿದ ಮನೆಯ ಮೇಲೆ ಚಾಡಿ ಹೇಳಿದಂತೆ ನಾಲ್ಕು ದಿನ ಮನಸ್ಸು ಚುರುಗುಟ್ಟಿತು.

ಆ ಸುಗ್ಗಿಗೆ ಎಂದಿನಂತೆ ಕಣಕ್ಕೆ ಹೋದೆ. ಗೌಡರು ಆಯದ ಮೊರಗಳನ್ನು ಹಾಕಿ ಮುಗಿಸಿ, ಇನ್ನೊಂದು ಮೊರ ತುಂಬಿ ನನ್ನ ಚೀಲಕ್ಕೆ ಸುರಿದರು. ಓದಿದ್ದಕ್ಕೋ ಎಂದು ಕೇಳಿದೆ. ನಾನು ಓದಿದ್ದರಿಂದ ಅವರಿಗೇನೂ ಬರಲಿಲ್ಲವಲ್ಲ, ಶಾಸ್ತ್ರದ ಪ್ರಕಾರ ಈ ಲೆಕ್ಕ ಸರಿಹೋಗುವುದಿಲ್ಲ ಎಂದು ಬಿ.ಎ. ಗತ್ತಿನಲ್ಲಿ ವಿವರಿಸಿದೆ. ಗೌಡರು ಮೊರ ಕೊಡವುತ್ತಾ ನನ್ನ ಮುಖ ನೋಡಿದರು.

"ಓದುದ್ರೂವೆ ಇಲ್ಲೇ ಇದ್ದೀಯಲ್ಲಾ, ಅದ್ಕೆ ಕಣ್ಲಾ."

ವಸ್ತು ವಿನಿಮಯದ ದೋಷಗಳ ಆ ಪ್ರಶ್ನೆ ಪರೀಕ್ಷೆಯಲ್ಲಿ ಇನ್ನೊಮ್ಮೆ ಬಂದರೆ ನಾನು ಖಂಡಿತ ಫೇಲಾಗುತ್ತೇನೆ.